ಕೆರೆ ನುಂಗಿ ನೀರು ಕುಡಿದವರು

ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಎಂಬ ಘೋಷಣೆಗೆ ಈಗ ಕಾಲು ಶತಮಾನದ ವಯಸ್ಸು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ದಿನಗಳಲ್ಲಿ ಊರ ಬಾಯಿಗೆ ಬಿದ್ದ ಮಾತು ಅದು. ಆಮೇಲೆ ಸರ್ಕಾರಗಳು ಬದಲಾದವು, ಬಾವುಟದ ಬಣ್ಣ ಬದಲಾಯಿತು, ಸಿಂಗಪುರದ ಹುಚ್ಚು ಮಾತ್ರ ಇಳಿಯಲಿಲ್ಲ. ಜನಪ್ರತಿನಿಧಿಗಳು ಹೋಗಿ ಬಂದರು, ಎಂಜಿನಿಯರುಗಳು ಹೋಗಿ ಬಂದರು, ಅವರ ಬೆನ್ನಿಗೆ ಕನ್ಸಲ್ಟೆಂಟುಗಳು. ಕಡತದಲ್ಲಿ ಬರೆಯುವುದು ಮಾತ್ರ ಯಾವಾಗಲೂ ಒಂದೇ: ಬೆಳೆಯುತ್ತಿರುವ ನಗರಗಳ ನೀರಿನ ನಿರ್ವಹಣೆ ಕುರಿತು ಅಧ್ಯಯನ.

ದೇಶ ಸುತ್ತು, ಇಲ್ಲವೇ ಕೋಶ ಓದು ಅಂದವರು ನಮ್ಮ ಹಿರಿಯರೇ. ಹೋಗಲಿ, ಬೇಡ ಅನ್ನುವವನು ನಾನಲ್ಲ. ಹೊಟ್ಟೆ ಉರಿಯುವುದು ಇವರು ಹೊತ್ತು ತರುವ ಸಾಮಾನು ನೋಡಿದಾಗ. ಕೆರೆಯ ಸುತ್ತ ಟೈಲ್ಸ್ ಹಾಕಿದ ವಾಕಿಂಗ್ ಟ್ರ್ಯಾಕು, ನಡುವೆ ಕಾರಂಜಿ, ಗೇಟಿನಲ್ಲಿ ಸಿಮೆಂಟಿನ ಜಿಂಕೆ, ಬೇಲಿಗೆ ಬಣ್ಣದ ದೀಪ. ಒಳಗೆ ಹರಿದು ಬರುವುದು ಅದೇ ಕಕ್ಕಸಿನ ನೀರು. ಹೊರದೇಶದ ಊರುಗಳು ನೀರು ಉಳಿಸಿಕೊಂಡದ್ದು ಕಾರಂಜಿ ಕಟ್ಟಿ ಅಲ್ಲ. ಒಂದೊಂದು ಊರಿನಲ್ಲೂ ಯಾರೋ ಒಬ್ಬರು ಯಾವುದೋ ಒಂದು ಹೊತ್ತಿನಲ್ಲಿ ದೊಡ್ಡವರ ಮುಖಕ್ಕೇ "ಆಗೋದಿಲ್ಲ" ಅಂದಿದ್ದರು. ಆ ಒಂದು ಮಾತನ್ನು ನಮ್ಮವರು ಪ್ರತಿ ಸಲವೂ ಅಲ್ಲೇ ಬಿಟ್ಟು ವಿಮಾನ ಹತ್ತುತ್ತಾರೆ.

ನಮ್ಮಲ್ಲಿ ಏನಿತ್ತು ಅನ್ನುವುದನ್ನು ಮೊದಲು ನೋಡೋಣ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಪಕ್ಕದಲ್ಲಿ ಹೊಳೆಯಿಲ್ಲ. ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ಒಂದು ಹೆಬ್ಬಾಳದ ಕಡೆ, ಒಂದು ಕೋರಮಂಗಲ–ಚಲ್ಲಘಟ್ಟದ ಕಡೆ, ಒಂದು ವೃಷಭಾವತಿಯಾಗಿ ಅರ್ಕಾವತಿಯ ಕಡೆ. ಓಡುವ ನೀರನ್ನು ನಿಲ್ಲಿಸದೆ ಇಲ್ಲಿ ಭತ್ತವೂ ಬೆಳೆಯದು, ಮನುಷ್ಯನೂ ಬಾಳಲಾರ. ಹೀಗಾಗಿ ಏರಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಏರಿಯ ಬುಡದಲ್ಲಿ ತೂಬು, ತೂಬಿನ ಕೆಳಗೆ ಅಚ್ಚುಕಟ್ಟು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸಿ ತೂಬು ಎತ್ತುತ್ತಿದ್ದವನು ನೀರಗಂಟಿ. ಹೆಚ್ಚಿನ ಊರುಗಳಲ್ಲಿ ಅವನು ದಲಿತ. ಊರಿಗೆಲ್ಲ ನೀರು ಹಂಚುತ್ತಿದ್ದವನನ್ನು ಅದೇ ಊರಿನ ಬಾವಿಕಟ್ಟೆ ಹತ್ತಲು ಬಿಡದ ಹಳೆಯ ಪಾಪವೂ ಈ ಕೆರೆಗಳ ಕಥೆಯೊಳಗಿದೆ. ಅದನ್ನು ಮುಚ್ಚಿಟ್ಟು ಹಿಂದಿನ ಕಾಲಕ್ಕೆ ಆರತಿ ಎತ್ತುವವನು ನಾನಲ್ಲ. ಆದರೆ ಒಂದು ಲೆಕ್ಕ ಅಲ್ಲಿತ್ತು. ಈ ದಿಣ್ಣೆಯ ನೀರಿನ ಓಟವನ್ನು ಬರಿಗಣ್ಣಿನಲ್ಲಿ ಅಳೆದು, ಒಂದು ಕೆರೆ ಕೆಟ್ಟರೆ ಕೆಳಗಿನದೂ ಕೆಡುತ್ತದೆ ಅಂತ ತಿಳಿದು ಕಟ್ಟಿದ ಲೆಕ್ಕ.

ಆ ಲೆಕ್ಕಕ್ಕೆ ನಾವು ಎಳ್ಳುನೀರು ಬಿಟ್ಟ ಬಗೆ ನೋಡಿ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪಕ್ಕದ ಟ್ಯಾಂಕ್ ಬಂಡ್ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟು ಜನಕ್ಕೆ ತಾವು ಏರಿಯ ಮೇಲಿದ್ದೇವೆ ಅನ್ನುವುದು ಗೊತ್ತಿದೆಯೋ. ಕೆ.ಆರ್. ಮಾರುಕಟ್ಟೆಯಿರುವಲ್ಲಿ ಸಿದ್ದಿಕಟ್ಟೆ ಇತ್ತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತಾರೆ, ಶೂಲೆ ಕೆರೆಯಲ್ಲಿ ಫುಟ್‌ಬಾಲ್. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಆ ಕೆರೆಯ ನೀರನ್ನು ನಂಬಿ ಹೂವು ತರಕಾರಿ ಬೆಳೆದು ಊರಿಗೆ ಉಣಿಸಿದವರು ತಿಗಳರು. ಅವರ ತೋಟ ಹೋಯಿತು, ಕೆರೆ ಹೋಯಿತು, ಕರಗದ ಶಾಸ್ತ್ರಕ್ಕೆ ಬೇಕಲ್ಲ ಅಂತ ಒಂದು ಚೌಕದ ಹೊಂಡವನ್ನು ಕ್ರೀಡಾಂಗಣದ ಮಗ್ಗುಲಲ್ಲಿ ಉಳಿಸಿಕೊಟ್ಟರು. ಕೆರೆ ಕಿತ್ತುಕೊಂಡು ಹೊಂಡ ಕೊಡುವುದನ್ನು ನಮ್ಮ ಆಡಳಿತ ಸಂಸ್ಕೃತಿ ರಕ್ಷಣೆ ಅನ್ನುತ್ತದೆ.

ಇದೆಲ್ಲ ಗೊತ್ತಿಲ್ಲದೆ ಆದದ್ದು ಅಂತ ಯಾರೂ ಕಥೆ ಕಟ್ಟಬೇಡಿ. 1980ರ ದಶಕದಲ್ಲೇ ಎನ್. ಲಕ್ಷ್ಮಣರಾವ್ ಸಮಿತಿ ಉಳಿದ ಕೆರೆಗಳನ್ನು ಉಳಿಸಿ ಅಂತ ಬರೆದುಕೊಟ್ಟಿತ್ತು. ಅದಾದ ಮೇಲೇ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದ ಕೆರೆಯ ಜಾಗದಲ್ಲಿ ಕ್ರೀಡಾಗ್ರಾಮದ ಬಹುಮಹಡಿ ಕಟ್ಟಡಗಳು ಎದ್ದವು. ಕಟ್ಟಿಸಿದ್ದು ಯಾವ ಭೂಗಳ್ಳನೂ ಅಲ್ಲ, ಸರ್ಕಾರ. ಮುಂದೆ ವಿಧಾನಮಂಡಲದ್ದೇ ಸಮಿತಿಗಳು ಬಂದವು. 2007ರಲ್ಲಿ ಎ.ಟಿ. ರಾಮಸ್ವಾಮಿ ಸಮಿತಿ ಬೆಂಗಳೂರಿನ ಸರ್ಕಾರಿ ಜಮೀನಿನ ಲೂಟಿ ಬಿಚ್ಚಿಟ್ಟಿತು. 2017ರಲ್ಲಿ ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಸಾವಿರದೈನೂರಕ್ಕೂ ಹೆಚ್ಚು ಕೆರೆಗಳ ಜಾತಕ ಬಿಡಿಸಿತು. ಹತ್ತು ಸಾವಿರ ಎಕರೆಗೂ ಮೇಲೆ ಒತ್ತುವರಿ. ನುಂಗಿದವರಲ್ಲಿ ಬಿಲ್ಡರುಗಳ ಜೊತೆಗೆ ಸರ್ಕಾರದ್ದೇ ಸಂಸ್ಥೆಗಳಿದ್ದವು. ವರದಿ ಸದನದ ಮುಂದೆ ಬಂತು, ಪತ್ರಿಕೆಗಳಲ್ಲಿ ಬಂತು, ಕಪಾಟಿಗೆ ಹೋಯಿತು.

ಇನ್ನು ಬೆಳ್ಳಂದೂರು. ಸುಮಾರು ಒಂಬೈನೂರು ಎಕರೆಯ ಕೆರೆ, ಊರಿನ ದೊಡ್ಡ ಪಾಲಿನ ಕೊಳಚೆ ಬಂದು ಸೇರುತ್ತಿದ್ದ ಜಾಗ. ಯಮಲೂರಿನ ಕೋಡಿಯಲ್ಲಿ ನೀರು ಎತ್ತರದಿಂದ ಬೀಳುತ್ತಿತ್ತು. ಬಟ್ಟೆ ಸೋಪು, ಪಾತ್ರೆ ಪುಡಿ, ಕಾರ್ಖಾನೆಯ ರಾಸಾಯನಿಕ ಎಲ್ಲ ಕಲೆತ ನೀರು ಬಿದ್ದು ಕಡೆದಾಗ ನೊರೆ ಆಳೆತ್ತರಕ್ಕೆ ಏಳುತ್ತಿತ್ತು. ಗಾಳಿ ಬೀಸಿದರೆ ಬಿಳಿ ಮುದ್ದೆ ರಸ್ತೆಗೆ ಹಾರಿ ಬೈಕಿನವನ ಹೆಲ್ಮೆಟ್ಟಿಗೆ ಮೆತ್ತಿಕೊಳ್ಳುತ್ತಿತ್ತು, ಮೈಗೆ ತಾಗಿದರೆ ತುರಿಕೆ. ಕೆಳಗಿನ ವರ್ತೂರು ಕೋಡಿಯಲ್ಲೂ ಇದೇ ಪಾಡು. ಇದಕ್ಕೆ ಆಡಳಿತ ಕಂಡುಕೊಂಡ ಪರಿಹಾರ ಏನು ಗೊತ್ತೇ? ರಸ್ತೆಯ ಬದಿಗೆ ಎತ್ತರದ ಜಾಲರಿ ಕಟ್ಟಿದರು. ನೊರೆ ಹಾರಬಾರದಲ್ಲ. ಜಾಲರಿಯ ಈಚೆ ಸಂಚಾರ ಸುಗಮ, ಆಚೆ ಕೆರೆಯ ಹೆಣ.

2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ ಮತ್ತೆ. 2018ರ ಜನವರಿ 19ರಂದು ಹೊತ್ತಿದ ಬೆಂಕಿ ಆರಿಸಲು ಸುಮಾರು ಐದು ಸಾವಿರ ಸೈನಿಕರು ಇಳಿಯಬೇಕಾಯಿತು. ನೀರಿಗೆ ಬಿದ್ದ ಬೆಂಕಿ ಆರಿಸಲು ಸೈನ್ಯ! ಸಿಂಗಪುರ ನೋಡಿ ಬಂದವರು ತಮ್ಮೂರಿನಲ್ಲಿ ತೋರಿಸಿದ ಅದ್ಭುತ ಇದು. ಆ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು, ಕೆಲಸಕ್ಕೆಂದು 500 ಕೋಟಿ ಪ್ರತ್ಯೇಕ ಖಾತೆಯಲ್ಲಿ ಇಡು ಅಂದಿತು. ದಂಡ ಯಾರ ಜೇಬಿನಿಂದ ಹೋಯಿತು? ನಮ್ಮ ತೆರಿಗೆಯಿಂದ. ಕೊಳಚೆ ಬಿಟ್ಟವನ ಒಂದು ರೂಪಾಯಿಯೂ ಕರಗಲಿಲ್ಲ.

ಸಿಂಗಪುರ ನಿಜಕ್ಕೂ ಏನು ಮಾಡಿತು ಅಂತ ಎರಡು ಮಾತು. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಹತ್ತು ವರ್ಷದಲ್ಲಿ ಸಿಂಗಪುರ ನದಿ ಶುದ್ಧವಾಗಬೇಕು ಅಂದರು. 1987ರಲ್ಲಿ ಆಯಿತು. ಹಂದಿ ಸಾಕುವವರನ್ನು, ಬಾತು ಸಾಕುವವರನ್ನು, ದಡದ ಗುಡಿಸಲುಗಳನ್ನು, ಬೀದಿ ಅಂಗಡಿಗಳನ್ನು ಎಬ್ಬಿಸಿದರು. ಅದರಲ್ಲಿ ಕ್ರೌರ್ಯವೂ ಇತ್ತು, ಅದು ಬಾಯಿ ಮುಚ್ಚಿಸುವ ರಾಜ್ಯ ಅನ್ನುವುದೂ ನಿಜ. ಆದರೆ ಜಾಗ ಬಿಟ್ಟವರಿಗೆ ಸರ್ಕಾರಿ ಫ್ಲಾಟು, ಅಂಗಡಿಯವರಿಗೆ ನಲ್ಲಿ ಚರಂಡಿ ಇರುವ ಕಟ್ಟಡ ಕೊಟ್ಟರು. ಇನ್ನು ಒಳಚರಂಡಿ ನೀರು. ಅದನ್ನು ಸೂಕ್ಷ್ಮ ಶೋಧಕ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಬೆಳಕು ಹೀಗೆ ಮೂರು ಹಂತ ದಾಟಿಸಿ ಮತ್ತೆ ಬಳಕೆಗೆ ತಂದರು. 2002ರ ರಾಷ್ಟ್ರೀಯ ದಿನದಂದು ಪ್ರಧಾನಿ ಗೋ ಚೊಕ್ ಟಾಂಗ್ ಆ ನೀರಿನ ಬಾಟಲಿಯನ್ನು ಜನರೆದುರು ಎತ್ತಿ ಕುಡಿದರು.

ಈಗ ಕೋಲಾರಕ್ಕೆ ಬನ್ನಿ. ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 440 ದಶಲಕ್ಷ ಲೀಟರ್ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವುದು ಅಂತ ಲೆಕ್ಕ. 2018ರ ಜೂನಿನಲ್ಲಿ ನೀರು ಹರಿಯಿತು, ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ಬೆಳ್ಳಂದೂರಿನದೇ ನೊರೆ ಎದ್ದಿತು. ಸಂಸ್ಕರಣೆ ಎರಡನೇ ಹಂತಕ್ಕೆ ನಿಂತಿತ್ತು. ಮೂರನೇ ಹಂತ ಕೊಡಿ ಅಂತ ಕೋಲಾರದ ಹೋರಾಟಗಾರರು ಬೀದಿಗಿಳಿದರು, ಹೈಕೋರ್ಟಿಗೆ ಹೋದರು, ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು, ಕೊನೆಗೆ ನೀರು ಹರಿಯುತ್ತಲೇ ಉಳಿಯಿತು. ಅಂತರ್ಜಲ ಏರಿತು, ಬತ್ತಿದ ಬೋರ್‌ವೆಲ್ ಮರುಜೀವ ಪಡೆಯಿತು, ಹಸು ಕಟ್ಟಿದವರಿಗೆ ಹಸಿರು ಮೇವು ಸಿಕ್ಕಿತು. ಇದನ್ನು ಅಲ್ಲಿನ ರೈತರೇ ಹೇಳುತ್ತಾರೆ, ಸುಳ್ಳಲ್ಲ. ಸಾವಿರ ಅಡಿ ಕೊರೆದರೂ ಹನಿ ಕಾಣದವನಿಗೆ ಯಾವ ನೀರು ಬಂದರೂ ದೇವರೇ. ಆ ಗತಿಗೇಡನ್ನೇ ಬಂಡವಾಳ ಮಾಡಿಕೊಳ್ಳಬಹುದೇ? ಬೆಂಗಳೂರಿನವನು ಮುಟ್ಟಲೂ ಹೇಸುವ ನೀರನ್ನು ಮೂರನೇ ಹಂತ ದಾಟಿಸದೆ ಬರದ ಜಿಲ್ಲೆಗೆ ಪೈಪಿನಲ್ಲಿ ಕಳಿಸುವುದು, ಅದು ನೆಲಕ್ಕಿಳಿದು ಅವರ ಕುಡಿಯುವ ಬಾವಿಗೆ ಸೇರುತ್ತದೆ ಅಂದರೆ "ಪರೀಕ್ಷೆ ಮಾಡಿಸಿದ್ದೇವೆ" ಅನ್ನುವುದು. ಹಾಗಿದ್ದರೆ ಸ್ವಾಮಿ, ಗೋ ಚೊಕ್ ಟಾಂಗ್ ಮಾಡಿದ್ದನ್ನು ನೀವೂ ಮಾಡಿ. ನರಸಾಪುರ ಕೆರೆಯ ದಂಡೆಯ ಮೇಲೆ ನಿಂತು ಒಂದು ಲೋಟ ಎತ್ತಿ. ಸಿಂಗಪುರದಿಂದ ಇಷ್ಟಾದರೂ ಕಲಿತು ಬಂದಿರೆಂದು ನಂಬುತ್ತೇವೆ.

ಆದರೆ ನನ್ನನ್ನು ಕೇಳಿದರೆ ಇವರು ಹೋಗಬೇಕಾದದ್ದು ಸಿಂಗಪುರಕ್ಕಲ್ಲ, ಕಾಂಬೋಡಿಯಾದ ರಾಜಧಾನಿ ಫ್ನೋಮ್ ಪೆನ್‌ಗೆ. ಅಲ್ಲಿ ಶಾಪಿಂಗ್ ಅಷ್ಟು ಚೆನ್ನಾಗಿಲ್ಲ ಅಂತಲೋ ಏನೋ, ಯಾರೂ ಅದರ ಹೆಸರೆತ್ತುವುದಿಲ್ಲ. ಪೋಲ್ ಪಾಟ್‌ನ ನರಮೇಧ, ಅದರ ಬೆನ್ನಿಗೆ ವರ್ಷಗಟ್ಟಲೆ ಯುದ್ಧ ಕಂಡ ಊರು. 1993ರಲ್ಲಿ ಏಕ್ ಸೊನ್ ಚಾನ್ ಎಂಬ ಎಂಜಿನಿಯರ್ ಅಲ್ಲಿನ ಜಲಮಂಡಳಿಯ ಮುಖ್ಯಸ್ಥನಾದಾಗ ಶುದ್ಧೀಕರಿಸಿದ ನೂರು ಕೊಡದಲ್ಲಿ ಎಪ್ಪತ್ತಕ್ಕೂ ಹೆಚ್ಚು ಕೊಡ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಅರ್ಧ ಒಡೆದ ಪೈಪಿನಿಂದ ಸೋರುತ್ತಿತ್ತು, ಅರ್ಧ ಕದಿಯುತ್ತಿದ್ದರು. ಕದಿಯುತ್ತಿದ್ದವರಲ್ಲಿ ಮಂಡಳಿಯ ನೌಕರರೇ ಇದ್ದರು. ಬಿಲ್ಲು ಕಟ್ಟದವರಲ್ಲಿ ಸೈನ್ಯಾಧಿಕಾರಿಗಳು, ಸರ್ಕಾರಿ ಕಚೇರಿಗಳು, ಶ್ರೀಮಂತರು ಮುಂದು. ಬಡವರ ಕೇರಿಗೆ ಪೈಪೇ ಇರಲಿಲ್ಲ, ಅವರು ನೀರು ಮಾರುವವರಿಂದ ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ನಮ್ಮ ಹೊರವಲಯದ ಬಡಾವಣೆಗಳದ್ದೇ ಚಿತ್ರ.

ಈ ಮನುಷ್ಯ ಮೊದಲು ಮನೆಯೊಳಗೆ ಕಸ ಗುಡಿಸಿದ. ಕದ್ದ ನೌಕರರನ್ನು ಹೊರಗಟ್ಟಿದ, ಚೆನ್ನಾಗಿ ದುಡಿದವರ ಸಂಬಳ ಏರಿಸಿದ. ಮನೆ ಮನೆಗೆ ಮೀಟರು. ಒಬ್ಬ ಸೇನಾ ಜನರಲ್ ಮನೆಗೆ ಮೀಟರು ಹಾಕಲು ಸಿಬ್ಬಂದಿಗೆ ಧೈರ್ಯವಿಲ್ಲದೆ ಚಾನ್ ತಾನೇ ಹೋದ. ಜನರಲ್ ಪಿಸ್ತೂಲು ತೆಗೆದು ಹಣೆಗೆ ಇಟ್ಟ. ಚಾನ್ ವಾಪಸು ಬಂದ, ಮಿಲಿಟರಿ ಪೊಲೀಸರನ್ನು ಕರೆದುಕೊಂಡು ಮತ್ತೆ ಹೋದ, ಜನರಲ್ ಮನೆಯ ನೀರು ಕತ್ತರಿಸಿದ. ಮುಂದೆ ಆ ಜನರಲ್ಲೇ ಬಂದು ದುಡ್ಡು ಕಟ್ಟಿ ಸಂಪರ್ಕ ಪಡೆದ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಲೆಕ್ಕಕ್ಕೆ ಸಿಗದ ನೀರು ನೂರಕ್ಕೆ ಆರರ ಆಸುಪಾಸಿಗೆ ಇಳಿಯಿತು, ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ಬಂತು, ಬಡವರಿಗೆ ಸಬ್ಸಿಡಿ ಸಂಪರ್ಕ ಸಿಕ್ಕಿತು. 2006ರಲ್ಲಿ ಚಾನ್‌ಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ವಿದೇಶಿ ನೆರವು ಧಾರಾಳವಾಗಿ ಬಂದಿತ್ತು, ಜಪಾನಿನ ತಂತ್ರಜ್ಞರು ಬಂದು ಕಲಿಸಿದ್ದರು. ಆದರೆ ಹಣೆಗೆ ಪಿಸ್ತೂಲು ಇಟ್ಟಾಗ ಏನು ಮಾಡಬೇಕು ಅನ್ನುವುದನ್ನು ಯಾವ ಜಪಾನಿ ತಜ್ಞನೂ ಕಲಿಸಿರಲಾರ.

ಬೆಂಗಳೂರಿನಲ್ಲೂ ಜಪಾನ್ ಇದೆ. ಕಾವೇರಿ ಐದನೇ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆ ಸಾಲ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ, ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ, ಹಗಲೂ ರಾತ್ರಿ ಪಂಪು ಎತ್ತಬೇಕು. ಇಷ್ಟು ಕಷ್ಟಪಟ್ಟು ತಂದ ನೀರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಇಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ. ಸಾಲ ಕೊಟ್ಟವರ ರಾಜಧಾನಿ ಟೋಕಿಯೋದಲ್ಲಿ ಸೋರಿಕೆ ನೂರಕ್ಕೆ ಮೂರು ನಾಲ್ಕು. ಜಪಾನಿನ ಸಾಲ ಬೇಕು, ಜಪಾನಿನ ಶಿಸ್ತು ಬೇಡ.

ಕಾವೇರಿಗೆ ಮೊದಲು ನಮಗೆ ಹತ್ತಿರದ್ದೇ ನೀರಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. 1933ರಲ್ಲಿ ಅರ್ಕಾವತಿ, ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಎರಡು ಹೊಳೆಗಳ ಜಲಾನಯನದಲ್ಲಿ ಲೇಔಟು, ನೀಲಗಿರಿ, ಕ್ವಾರಿ, ಕಾರ್ಖಾನೆ, ಬೋರ್‌ವೆಲ್ಲು ತುಂಬಿಸಿ ಹರಿವು ಬತ್ತಿಸಿದೆವು, ಬಂದ ಅಷ್ಟಿಷ್ಟನ್ನೂ ಕೆಡಿಸಿದೆವು. 2012ರ ಹೊತ್ತಿಗೆ ಅಲ್ಲಿಂದ ಕುಡಿಯುವ ನೀರು ಪೂರೈಕೆ ನಿಂತೇಹೋಯಿತು. ಒಂದು ಹೊಳೆ ಕೊಂದವರಿಗೆ ಇನ್ನೊಂದು ಹೊಳೆ ಬಹುಮಾನ. ಅದೂ ಸಾಲದೆಂದು 2019ರಲ್ಲಿ ಶರಾವತಿಯ ಲಿಂಗನಮಕ್ಕಿಗೆ ಕಣ್ಣು ಹಾಕಿದರು. ಶಿವಮೊಗ್ಗ ಬಂದ್ ಆಯಿತು, ಮಲೆನಾಡಿನವರು ರಸ್ತೆಗೆ ಇಳಿದರು. ತಮ್ಮ ಊರು ಮುಳುಗಿಸಿಕೊಂಡು ಬೆಂಗಳೂರಿಗೆ ದೀಪ ಕೊಟ್ಟವರ ಹತ್ತಿರ ಈಗ ನೀರನ್ನೂ ಕೇಳುವುದಕ್ಕೆ ಎಂಥ ಮುಖ ಬೇಕು!

2024ರ ಮಾರ್ಚ್ ನೆನಪಿದೆಯೇ? ನಗರದ ಸರ್ಕಾರಿ ಬೋರ್‌ವೆಲ್ಲುಗಳಲ್ಲಿ ಅರ್ಧದಷ್ಟು ಬತ್ತಿದವು. ತಮ್ಮ ಮನೆಯ ಬೋರ್‌ವೆಲ್ ಕೂಡ ಬತ್ತಿದೆ ಅಂತ ಉಪಮುಖ್ಯಮಂತ್ರಿಯೇ ಹೇಳಿಕೊಂಡರು. ಆರು ಸಾವಿರ ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂದರು. ಅಪಾರ್ಟ್‌ಮೆಂಟಿನವರು ಟ್ಯಾಂಕರಿನವನ ಜೊತೆ ಫೋನಿನಲ್ಲಿ ಚೌಕಾಶಿ ಮಾಡಿದರು. ಅದೇ ಅಪಾರ್ಟ್‌ಮೆಂಟಿನ ಪಾತ್ರೆ ತೊಳೆಯುವ ಹೆಂಗಸು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತನ್ನ ಕಾಲೊನಿಯ ಸಿಂಟೆಕ್ಸ್ ಟ್ಯಾಂಕಿನ ಮುಂದೆ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲಿನಲ್ಲಿ ತನ್ನದನ್ನೂ ಇಟ್ಟು, ಅದರ ಮೇಲೊಂದು ಕಲ್ಲು ಹೇರಿ, ಪಕ್ಕದವಳಿಗೆ "ಅಕ್ಕ, ಸ್ವಲ್ಪ ನೋಡ್ಕೊ" ಅಂತ ಹೇಳಿ ಕೆಲಸಕ್ಕೆ ಓಡಿದಳು. ಕೆಲಸದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ತನ್ನ ಮನೆಯಲ್ಲಿ ಸ್ನಾನ ಎರಡು ದಿನಕ್ಕೊಮ್ಮೆ. ನೀರಿನ ಬಿಕ್ಕಟ್ಟು ಅನ್ನುವುದು ಎಲ್ಲರಿಗೂ ಒಂದೇ ಸಮನಾಗಿ ಬರುತ್ತದೆ ಅಂದವರು ಯಾರು?

ಆರು ವರ್ಷ ಮೊದಲು ಕೇಪ್‌ಟೌನಿಗೂ ಇದೇ ಗತಿ ಬಂದಿತ್ತು. 2018ರ ಫೆಬ್ರುವರಿಯಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ. ಯಾವ ಮನೆ ಮಿತಿಯೊಳಗಿದೆ ಅನ್ನುವ ನಕ್ಷೆಯನ್ನು ಪಾಲಿಕೆಯೇ ಸಾರ್ವಜನಿಕವಾಗಿ ಇಟ್ಟಿತು. ಅಣೆಕಟ್ಟೆಯಲ್ಲಿ ಎಷ್ಟು ಉಳಿದಿದೆ, ಊರು ಎಷ್ಟು ಬಳಸಿತು ಅಂತ ಜನರಿಗೆ ಲೆಕ್ಕ ಒಪ್ಪಿಸುತ್ತಾ ಬಂತು. ಅಲ್ಲೂ ಉಳ್ಳವರು ತಮ್ಮದೇ ಬೋರ್‌ವೆಲ್ ಕೊರೆಸಿಕೊಂಡು ಪಾರಾದರು, ಬಡವರ ಕೇರಿಗಳಲ್ಲಿ ಸಾಲು ಮೊದಲೇ ಇತ್ತು. ಆದರೂ ಲೆಕ್ಕ ಬಯಲಿನಲ್ಲಿತ್ತು. ನಮ್ಮಲ್ಲಿ ಯಾವ ಟೆಕ್ ಪಾರ್ಕ್ ನೆಲದಿಂದ ಎಷ್ಟು ಎತ್ತುತ್ತದೆ, ಯಾವ ಟ್ಯಾಂಕರ್ ಯಾವ ಹಳ್ಳಿಯ ಬೋರ್‌ವೆಲ್ಲಿನಿಂದ ತುಂಬಿಕೊಳ್ಳುತ್ತದೆ ಅನ್ನುವುದನ್ನು ಒಂದು ಬೋರ್ಡಿನ ಮೇಲೆ ಬರೆದು ಹಾಕಿ ನೋಡೋಣ.

ಬೇಸಿಗೆಯಲ್ಲಿ ಹೀಗೆ, ಮಳೆಗಾಲದಲ್ಲಿ ತಿರುಗುಮುರುಗು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಹೊಳೆಯಾಯಿತು. ಯಮಲೂರು, ಸರ್ಜಾಪುರ ರಸ್ತೆಯ ವಿಲ್ಲಾಗಳಿಗೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳು ತೇಲಿದವು, ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಟಿವಿಯವರು ಅದನ್ನು ತಮಾಷೆಯಂತೆ ತೋರಿಸಿದರು. ಆ ನೀರು ಹೋಗಬೇಕಿದ್ದದ್ದು ರಾಜಕಾಲುವೆಯಲ್ಲಿ. ಗ್ರಾಮ ನಕ್ಷೆಯಲ್ಲಿ ಎರಡು ಗೆರೆ ಎಳೆದು ತೋರಿಸಿದ ಕಾಲುವೆ ಅಲ್ಲಿಗೆ ಹೋಗಿ ನೋಡಿದರೆ ಎರಡು ಕಾಂಪೌಂಡುಗಳ ಸಂದಿಯಲ್ಲಿ ಚಪ್ಪಡಿ ಮುಚ್ಚಿದ ಮೋರಿಯಾಗಿರುತ್ತದೆ. ಮೇಲೆ ಜನರೇಟರು, ಪಕ್ಕದಲ್ಲಿ ಸೆಕ್ಯೂರಿಟಿಯವನ ಗೂಡು. ಹೂಳೆತ್ತಲು ಬಂದ ಜೆಸಿಬಿಗೆ ಒಳಗೆ ಇಳಿಯುವ ದಾರಿಯೇ ಇರುವುದಿಲ್ಲ. ಒತ್ತುವರಿ ತೆರವು ಅಂತ ಬುಲ್‌ಡೋಜರ್ ಹೊರಟರೆ ಮೊದಲು ಬೀಳುವುದು ಸಾಲ ಮಾಡಿ ಮೂವತ್ತು–ನಲವತ್ತು ಸೈಟಿನಲ್ಲಿ ಮನೆ ಕಟ್ಟಿದವನ ಗೋಡೆ. ಅವನ ಹತ್ತಿರ ಖಾತೆಯಿದೆ, ಕಂದಾಯದ ರಸೀದಿಯಿದೆ, ಬ್ಯಾಂಕು ಕೊಟ್ಟ ಸಾಲವಿದೆ. ಇದೆಲ್ಲಕ್ಕೂ ಸಹಿ ಹಾಕಿದವನು ಬಡ್ತಿ ಪಡೆದು ನಿವೃತ್ತನಾಗಿರುತ್ತಾನೆ. ಬುಲ್‌ಡೋಜರ್ ದೊಡ್ಡ ಕಾಂಪೌಂಡಿನ ಹತ್ತಿರ ಬಂದಾಗ ತಡೆಯಾಜ್ಞೆ ಬರುತ್ತದೆ, ಮರು ಸರ್ವೆ ಬರುತ್ತದೆ, ಡೀಸೆಲ್ಲು ಮುಗಿಯುತ್ತದೆ.

ನೀರಿನ ಜಾಗ ನೀರಿಗೆ ಬಿಡುವುದು ಹೇಗೆ ಅಂತ ಬೇಕಿದ್ದರೆ ನೆದರ್ಲೆಂಡ್ಸ್ ನೋಡಿ. ಅವರು ಶತಮಾನಗಳಿಂದ ನೀರನ್ನು ಗೋಡೆ ಕಟ್ಟಿ ಹೊರಗಿಟ್ಟವರು. 1993 ಮತ್ತು 1995ರಲ್ಲಿ ನದಿಗಳು ಉಕ್ಕಿದವು. ಎರಡನೇ ಸಲ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಆ ಗೋಡೆಗಾರ ದೇಶ ಬುದ್ಧಿ ಬದಲಾಯಿಸಿತು. ನದಿಗೆ ಜಾಗ ಬಿಟ್ಟುಕೊಡುವ ಯೋಜನೆ ಹಾಕಿ ಮೂವತ್ತಕ್ಕೂ ಹೆಚ್ಚು ಕಡೆ ಒಡ್ಡನ್ನು ಹಿಂದಕ್ಕೆ ಸರಿಸುವುದು, ಪಾತ್ರ ಅಗಲಿಸುವುದು, ಬದಿಗೊಂದು ಕಾಲುವೆ ತೆಗೆಯುವುದು ಮಾಡಿತು. ನೈಮೆಗನ್ ನಗರದ ಎದುರು ಒಡ್ಡನ್ನು 350 ಮೀಟರ್ ಹಿಂದೆ ತಳ್ಳಲು ಐವತ್ತು ಮನೆ ತೆಗೆಯಬೇಕಾಯಿತು. ಪರಿಹಾರ ಕೊಟ್ಟರು, ವರ್ಷಗಟ್ಟಲೆ ಕೂತು ಮಾತಾಡಿದರು, ಜಗಳವೂ ಆಯಿತು. ಆದರೆ ನೀರಿಗೆ ಜಾಗ ಹೆಚ್ಚಾಯಿತು.

ಅದೇ ಕಾಲಕ್ಕೆ ನಾವು? 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಮೀಸಲು ಪ್ರದೇಶ ಬಿಡಿ ಅಂದಿತು. ಬಿಲ್ಡರುಗಳೂ ಸರ್ಕಾರವೂ ಒಂದೇ ಬಾಯಲ್ಲಿ ಅತ್ತವು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು, ಮೀಸಲು ಮತ್ತೆ 30 ಮೀಟರಿಗೆ ಇಳಿಯಿತು. ಅದೂ ಭಾರವಾಯಿತು. 2025ರಲ್ಲಿ ವಿಧಾನಮಂಡಲ ಒಂದು ತಿದ್ದುಪಡಿ ಮಸೂದೆ ಅಂಗೀಕರಿಸಿತು: ಕೆರೆಯ ಗಾತ್ರ ನೋಡಿ ಮೀಸಲು. ನೂರು ಎಕರೆ ಮೀರಿದ್ದಕ್ಕೆ 30 ಮೀಟರ್, ಚಿಕ್ಕದಾದಂತೆ ಕಡಿಮೆ, ಐದು ಗುಂಟೆಯೊಳಗಿನ ಕುಂಟೆಗೆ ಏನೂ ಇಲ್ಲ. ಯಾರು ಕೇಳಿದ್ದರು ಇದನ್ನು? ದನ ನೀರು ಕುಡಿಯುವ ಕುಂಟೆಯ ಪಕ್ಕದ ರೈತನೇ? ಅಂಥ ಬೇಸಿಗೆ, ಅಂಥ ಮುಳುಗಡೆ ಕಂಡ ಊರಿನಲ್ಲಿ ನೀರಿಗೆ ಬಿಟ್ಟ ಜಾಗವನ್ನೇ ಕಿರಿದು ಮಾಡುವ ಧೈರ್ಯ ಬಂದದ್ದು ಎಲ್ಲಿಂದ? ದೊಡ್ಡ ಕೆರೆಗೆ ನೀರು ಸೋಸಿ ಕಳಿಸುವುದೇ ಮೇಲಿನ ಸಣ್ಣ ಕುಂಟೆ, ಕಟ್ಟೆಗಳು. ಅದನ್ನು ಹೇಳಲು ನೆದರ್ಲೆಂಡ್ಸಿನ ತಜ್ಞ ಬರಬೇಕಿಲ್ಲ, ಕೋಲಾರದ ಯಾವ ಹಳೇ ನೀರಗಂಟಿಯಾದರೂ ಹೇಳುತ್ತಿದ್ದ.

ಚೀನಾದ ಯೂ ಕೊಂಗ್‌ಜಿಯಾನ್ ಇದೇ ಮಾತನ್ನು ಜಗತ್ತಿಗೆಲ್ಲ ಹೇಳಿದವರು. ಜೆಜಿಯಾಂಗ್ ಪ್ರಾಂತ್ಯದ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿ ಬೀಜಿಂಗಿನಲ್ಲಿ ಪ್ರಾಧ್ಯಾಪಕರಾದರು. ಮಳೆನೀರನ್ನು ಕಾಂಕ್ರೀಟು ಕೊಳವೆಯಲ್ಲಿ ಓಡಿಸಬೇಡಿ, ನಿಲ್ಲಿಸಿ, ಇಂಗಿಸಿ, ನಿಧಾನ ಮಾಡಿ ಅಂದರು. ಅವರು ಅದನ್ನು ಕಲಿತದ್ದು ತಮ್ಮೂರಿನ ರೈತರ ಹೊಂಡ, ಮೆಟ್ಟಿಲು ಗದ್ದೆಗಳಿಂದ. ಸರ್ಕಾರ ಅದನ್ನು ಸ್ಪಾಂಜ್ ಸಿಟಿ ಅಂತ ದೇಶದ ನೀತಿ ಮಾಡಿತು. ಅದರಿಂದ ಎಲ್ಲ ಬಗೆಹರಿಯಿತೆಂದಲ್ಲ. 2021ರ ಜುಲೈನಲ್ಲಿ ಜೆಂಗ್‌ಜೌ ನಗರದಲ್ಲಿ ಒಂದೇ ಗಂಟೆಗೆ 200 ಮಿಲಿಮೀಟರ್ ಮಳೆ ಸುರಿದು ಮೆಟ್ರೋ ಸುರಂಗದಲ್ಲೇ ಜನ ಸತ್ತರು. ಅಂಥ ಮಳೆಗೆ ಯಾವ ಸ್ಪಾಂಜೂ ಸಾಲದು. ಆದರೂ ಹಳ್ಳಿಯ ಹೊಂಡದ ವಿದ್ಯೆಗೆ ಅವರು ವಿಶ್ವವಿದ್ಯಾಲಯದ ಕುರ್ಚಿ ಕೊಟ್ಟರು. ಇಲ್ಲಿ ರಾಜಕಾಲುವೆಯ ತಳಕ್ಕೂ ಗೋಡೆಗೂ ಕಾಂಕ್ರೀಟು ಸುರಿಯುವ ಟೆಂಡರು ನಡೆಯುತ್ತಿದೆ. ನಾಳೆ ಇವರೇ ಸ್ಪಾಂಜ್ ಸಿಟಿ ನೋಡಲು ಚೀನಾಕ್ಕೂ ಹೋಗಿ ಬರುತ್ತಾರೆ.

ಇಲ್ಲಿ ಯಾರೂ ಏನೂ ಮಾಡುತ್ತಿಲ್ಲ ಅಂತಲ್ಲ. ಜಕ್ಕೂರು ಕೆರೆಯಲ್ಲಿ ಕೊಳಚೆ ಮೊದಲು ಸಂಸ್ಕರಣಾ ಘಟಕಕ್ಕೆ, ಅಲ್ಲಿಂದ ಜೊಂಡು ಬೆಳೆದ ಜೌಗಿಗೆ, ಆಮೇಲೆ ಕೆರೆಗೆ ಹೋಗುವಂತೆ ಮಾಡಿದ್ದಾರೆ. ಸುತ್ತಲ ಬಾವಿಗಳಲ್ಲಿ ನೀರು ನಿಲ್ಲುತ್ತದೆ, ಮೀನು ಹಿಡಿಯುವವರಿಗೆ ದುಡಿಮೆಯಿದೆ. ಪುಟ್ಟೇನಹಳ್ಳಿ, ಕೈಕೊಂಡ್ರಹಳ್ಳಿಗಳಲ್ಲಿ ಸುತ್ತಲ ಜನ ಕೈಯಿಟ್ಟು ಕೆರೆ ಉಳಿಸಿಕೊಂಡರು. ಬಾವಿ ತೋಡುವುದು ಕುಲಕಸುಬಾಗಿ ಬಂದ ಮಣ್ಣು ವಡ್ಡರು ಈಗ ನಗರದ ತುಂಬ ಇಂಗುಬಾವಿ ತೋಡುತ್ತಿದ್ದಾರೆ. ಯಾವ ಮಣ್ಣು ಎಷ್ಟು ಆಳಕ್ಕೆ ಕುಡಿಯುತ್ತದೆ ಅಂತ ಅವರು ಹಿಡಿ ಮಣ್ಣು ಹಿಸುಕಿ ಹೇಳುತ್ತಾರೆ. ಇದನ್ನು ನೋಡಲು ಹೊರದೇಶದವರು ಬರುತ್ತಾರೆ. ಅಂದರೆ ಕಲಿಕೆಯ ವಿಮಾನ ಈ ಕಡೆಗೂ ಹಾರುತ್ತದೆ. ನೀರಿನ ನೀತಿ ಬರೆಯುವ ಸಮಿತಿಯಲ್ಲಿ ಒಬ್ಬ ಬಾವಿ ತೋಡುವವನಿಗೆ, ಒಬ್ಬ ನೀರಗಂಟಿಗೆ ಕುರ್ಚಿ ಕೊಟ್ಟದ್ದನ್ನು ಮಾತ್ರ ನಾನು ಕಂಡಿಲ್ಲ.

ಸರಿ, ಹೋಗಿ. ಟಿಕೆಟು ನಾವೇ ಕೊಡಿಸುತ್ತೇವೆ, ಎಂದಿನಂತೆ. ಅದಕ್ಕೆ ಮುಂಚೆ ಮೂರು ಕೆಲಸ. 2025ರ ಮಸೂದೆ ಹಿಂದಕ್ಕೆ ತೆಗೆದುಕೊಳ್ಳಿ. ಕೋಲಾರಕ್ಕೆ ಹರಿಸುವ ನೀರಿಗೆ ಮೂರನೇ ಹಂತದ ಸಂಸ್ಕರಣೆ ಯಾವ ತಾರೀಖಿಗೆ ಅಂತ ಬರೆದುಕೊಡಿ. ಕೋಳಿವಾಡ ಸಮಿತಿಯ ಒತ್ತುವರಿ ಪಟ್ಟಿಯನ್ನು ಸರ್ವೆ ನಂಬರು, ಗುಂಟೆ, ನುಂಗಿದವರ ಹೆಸರು ಸಹಿತ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ತೆರವು ಮಾಡುವಾಗ ಆ ಪಟ್ಟಿಯ ಅತಿ ದೊಡ್ಡ ಒತ್ತುವರಿಯಿಂದ ಶುರು ಮಾಡಿ. ಅದು ಸರ್ಕಾರದ್ದೇ ಕಟ್ಟಡವಾಗಿದ್ದರೆ ಅಲ್ಲಿಂದಲೇ.